ಆಲದ ಬೋನ್ಸಾಯ್‌ಗೆ ನೀರು ಎಷ್ಟು, ಯಾವಾಗ?

ಬೆಂಗಳೂರಿನ ತಾರಸಿಯಲ್ಲಿ ಬೋನ್ಸಾಯ್, ಅಂದರೆ ಕುಂಡದಲ್ಲಿ ಕುಳ್ಳಗಿರಿಸಿದ ಮರ, ಬೆಳೆಸಲು ಹೊರಟವರು ಆಲ ಅಥವಾ ಅತ್ತಿಯಿಂದ ಆರಂಭಿಸಿ. ನಮ್ಮ ಹವೆಗೆ ಒಗ್ಗಿದ ಮರಗಳು, ಹೊಸಬರ ತಪ್ಪುಗಳನ್ನೂ ಸಹಿಸಿಕೊಳ್ಳುತ್ತವೆ.

ದಿನಕ್ಕೆ ಎಷ್ಟು ನೀರು ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕ ಬೇಡ, ಬೆರಳು ಸಾಕು. ಅರ್ಧ ಅಂಗುಲದಷ್ಟು ಮಣ್ಣು ಒಣಗಿದ್ದರೆ ತಳದ ತೂತಿನಿಂದ ಹರಿದುಬರುವಷ್ಟು ಹಾಕಿ. ಏಪ್ರಿಲ್‌ನಲ್ಲಿ ಇದು ದಿನಕ್ಕೆ ಎರಡು ಬಾರಿಯಾಗಬಹುದು, ಡಿಸೆಂಬರ್‌ನಲ್ಲಿ ಎರಡು ದಿನಕ್ಕೊಮ್ಮೆ.

ನನ್ನ ಮೊದಲ ಆಲ ಸತ್ತದ್ದು ಬಿಸಿಲಿಗಲ್ಲ, ಮಳೆಗೆ! ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತು ಬೇರು ಕೊಳೆತಿತ್ತು. ಜೂನ್ ಬರುತ್ತಿದ್ದಂತೆ ತಟ್ಟೆ ತೆಗೆದುಬಿಡಿ. ಜಡಿಮಳೆಯ ದಿನಗಳಲ್ಲಿ ಒಂದು ಬದಿಗೆ ಹೆಂಚಿನ ಚೂರು ಕೊಟ್ಟು ಕುಂಡವನ್ನು ಓರೆಯಾಗಿಸಿ.

ಎರಡು ವರ್ಷಕ್ಕೊಮ್ಮೆ, ಫೆಬ್ರವರಿ ಕೊನೆಯಲ್ಲಿ, ಮಣ್ಣು ಬದಲಿಸಿ. ಬೇರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಆಮೇಲೆ ಎರಡು ವಾರ ನೆರಳಿನಲ್ಲಿಡಿ. ಆಕಾರ ಕೊಡಲು ಕೊಂಬೆಗೆ ತಂತಿ ಸುತ್ತಿದ್ದರೆ ವಾರಕ್ಕೊಮ್ಮೆ ನೋಡುತ್ತಿರಿ, ಚಿಗುರುವ ಕಾಲದಲ್ಲಿ ಅದು ಬೇಗನೆ ತೊಗಟೆಯೊಳಗೆ ಇಳಿಯುತ್ತದೆ.

ನೆಂಟರಿಗೆ ತೋರಿಸಲು ಒಂದೆರಡು ದಿನ ಒಳಗಿಡಬಹುದು, ಅಷ್ಟೇ. ಅದರ ಜಾಗ ಬಿಸಿಲಿನಲ್ಲಿದೆ, ಟೀಪಾಯಿಯ ಮೇಲಲ್ಲ.