ಮನೆಯಲ್ಲೇ ಕಾರು ರಿಪೇರಿ: ಟ್ರಾಲಿ ಜಾಕ್, ಸ್ಟ್ಯಾಂಡ್ ಆರಿಸಿಕೊಂಡ ಬಗೆ

ಜಾಕ್ ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಅಳತೆ ಟೇಪ್ ಹಿಡಿದು ಕಾರಿನ ಪಕ್ಕ ಕೂತುಕೊಳ್ಳಿ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಟನ್ ಬರೆದಿರುತ್ತಾರೆ, ಎಲ್ಲರೂ ಕೇಳುವುದೂ ಅದನ್ನೇ. ನನಗೆ ತೀರ್ಮಾನಕ್ಕೆ ಬೇಕಾದದ್ದು ಅದೇ ಡಬ್ಬದ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿರುವ ಮಿಲಿಮೀಟರ್ ಲೆಕ್ಕ: ಜಾಕಿನ ಕನಿಷ್ಠ ಎತ್ತರ, ಗರಿಷ್ಠ ಎತ್ತರ. ನಮ್ಮ ಸಾಧಾರಣ ಹ್ಯಾಚ್‌ಬ್ಯಾಕ್ ಖಾಲಿ ಇದ್ದಾಗ 850ರಿಂದ 1,000 ಕೆಜಿ ತೂಗುತ್ತದೆ. ಒಂದು ಮೂಲೆ ಎತ್ತಿದರೆ ಜಾಕಿನ ಮೇಲೆ ಬೀಳುವುದು 300 ಕೆಜಿ ಆಸುಪಾಸು. 2 ಟನ್ ಜಾಕಿಗೆ ಇದು ಭಾರವೇ ಅಲ್ಲ. ಜಾಕ್ ಕಾರಿನ ಕೆಳಗೆ ನುಗ್ಗದೇ ಹೋದಾಗ, ಇಲ್ಲವೇ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್ ತೂರಿಸುವಷ್ಟು ಮೇಲೇಳದೇ ಹೋದಾಗ ಕೆಲಸ ನಿಲ್ಲುತ್ತದೆ.

ನನ್ನ ಗಾಡಿಯ ಲೆಕ್ಕ ಹೀಗಿದೆ. ಟೈರು 165/80 ಆರ್14. ಬಾಗಿಲಿನ ಕೆಳಗಿನ ತಗಡಿನ ಅಂಚು, ಅಂದರೆ ಜಾಕ್ ಕೊಡುವ ಜಾಗ, ನೆಲದಿಂದ 205 ಮಿ.ಮೀ. ಟೈರು ಪಂಕ್ಚರ್ ಆಗಿ ಪೂರ್ತಿ ಕೂತರೆ ಅದೇ ಜಾಗ ಸುಮಾರು 145 ಮಿ.ಮೀ.ಗೆ ಇಳಿಯುತ್ತದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಸಣ್ಣ 2 ಟನ್ ಜಾಕಿನ ಕನಿಷ್ಠ ಎತ್ತರ 135 ಮಿ.ಮೀ. ಇರುತ್ತದೆ. ಜಾಕಿನ ತುದಿಯಲ್ಲಿ ಕಾರಿಗೆ ತಾಗುವ ಬಟ್ಟಲಿನ ಮೇಲೆ 25 ಮಿ.ಮೀ. ರಬ್ಬರ್ ಇಟ್ಟರೆ 160 ಆಯಿತು, ಒಳಗೆ ಹೋಗಲಿಲ್ಲ. ಈಗ ಮೇಲಿನ ತುದಿಯ ಲೆಕ್ಕ ನೋಡಿ. ಬಾಡಿ ಎತ್ತಿದ ಕೂಡಲೇ ಗಾಲಿ ನೆಲ ಬಿಡುವುದಿಲ್ಲ. ಸ್ಪ್ರಿಂಗ್ ಹಿಗ್ಗಿ ಗಾಲಿ ಕೆಳಗೆ ಜೋತು ಬೀಳುತ್ತದೆ, ನನ್ನ ಗಾಡಿಯಲ್ಲಿ ಸುಮಾರು 100 ಮಿ.ಮೀ. ಹಾಗಾಗಿ ಅಂಚು 305ಕ್ಕೆ ಬಂದ ಮೇಲಷ್ಟೇ ಗಾಲಿ ಗಾಳಿಯಲ್ಲಿ. ಸ್ಟ್ಯಾಂಡ್ ಅತಿ ತಗ್ಗಿನಲ್ಲಿ 280, ಅದರ ಮೇಲಿನ ರಬ್ಬರ್ 20, ಸೇರಿಸಿದರೆ 300. ತೂರಿಸಿ ಸರಿಮಾಡಲು ಇನ್ನೊಂದು 25 ಬಿಡುವು ಬೇಕು. ಅಂದರೆ ಜಾಕ್ ಸಲೀಸಾಗಿ 330 ಮುಟ್ಟಬೇಕು. ಸಣ್ಣ ಜಾಕಿಗೆ ಅದು ಕಟ್ಟಕಡೆಯ ಎತ್ತರ. ಕೆಳಗೆ ಮಲಗಿ ಪಾನಾ ಆಡಿಸುವ ಕೆಲಸಕ್ಕೆ ಅಂಚು 400ರಷ್ಟಾದರೂ ಇರಬೇಕು, ಅಲ್ಲಿಗೆ ಆ ಜಾಕ್ ಮುಟ್ಟುವುದೇ ಇಲ್ಲ. ಕೆಲವರು ಬಟ್ಟಲಿನ ಮೇಲೆ ಮರದ ತುಂಡು ಪೇರಿಸಿ ಎತ್ತರ ತುಂಬುತ್ತಾರೆ. ಒಂದು ಇಂಚಿನ ರಬ್ಬರ್ ಸರಿ, ಅದಕ್ಕಿಂತ ಮೇಲೆ ಪೇರಿಸಿದ್ದೆಲ್ಲ ಓರೆಯಾಗಿ ಹಾರುತ್ತದೆ.

ಆದ್ದರಿಂದ ನಾನು ಆರಿಸಿಕೊಂಡದ್ದು ತಗ್ಗಾಗಿ ನುಗ್ಗಿ 500 ಮಿ.ಮೀ.ವರೆಗೆ ಏರುವ, ಉದ್ದ ಚಾಸಿಯ 3 ಟನ್ ಟ್ರಾಲಿ ಜಾಕ್. ಅದರಲ್ಲಿ 3 ಟನ್ ಎನ್ನುವುದು ನನಗೆ ಸಿಕ್ಕ ಉಪಲಾಭ ಮಾತ್ರ. ಅಗಲವಾದ ತಳ, ದೊಡ್ಡ ಬಟ್ಟಲು, ಒಂದು ಮೀಟರಿಗಿಂತ ಉದ್ದದ ಹಿಡಿ ಇವು ಬರುವುದು ಆ ಗಾತ್ರದಲ್ಲಿ. ಉದ್ದ ಯಾಕೆ ಮುಖ್ಯ ಎಂದರೆ, ಮುಂಭಾಗದ ನಡುವಿನ ಕ್ರಾಸ್‌ಮೆಂಬರ್ (ಕಾರಿನಡಿ ಅಡ್ಡಲಾಗಿ ಹಾಯುವ ಉಕ್ಕಿನ ತೊಲೆ) ಬಂಪರಿನಿಂದ ಎರಡು ಅಡಿಗೂ ಹೆಚ್ಚು ಒಳಗಿರುತ್ತದೆ. ಒಂದೂವರೆ ಅಡಿಯ ಸಣ್ಣ ಜಾಕ್ ಅಲ್ಲಿಗೆ ತಲುಪುವ ಹೊತ್ತಿಗೆ ಪೂರ್ತಿ ಬಂಪರಿನಡಿ ಮುಳುಗಿ, ಹಿಡಿ ಮೇಲೆತ್ತಿದಾಗಲೆಲ್ಲ ಬಂಪರಿಗೆ ತಾಗುತ್ತದೆ. ಅರ್ಧ ಹಿಡಿಯಲ್ಲೇ ಪಂಪ್ ಮಾಡುತ್ತ ಕೂರಬೇಕು. ಈ ಸಂಗತಿ ಡಬ್ಬದ ಮೇಲೆ ಎಲ್ಲೂ ಬರೆದಿರುವುದಿಲ್ಲ. ದೊಡ್ಡ ಜಾಕಿಗೆ ಒಂದು ಕಷ್ಟ ಇದ್ದೇ ಇದೆ: 30 ಕೆಜಿ ಆಚೀಚೆ ತೂಗುತ್ತದೆ. ಎರಡನೇ ಮಹಡಿಗೆ ದಿನಾ ಹೊತ್ತು ಒಯ್ಯುವ ವಸ್ತುವಲ್ಲ, ಪಾರ್ಕಿಂಗ್‌ನಲ್ಲೇ ಬೀಗ ಹಾಕಿಡಲು ಜಾಗ ಇರಬೇಕು. ಜಾಗ ಇಲ್ಲದವರು 2.5 ಟನ್‌ನ ಮಧ್ಯಮ ಗಾತ್ರದ್ದು ನೋಡಿ, ಎತ್ತರದ ಲೆಕ್ಕ ಮಾತ್ರ ಬಿಡಬೇಡಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೋ ಎಸ್.ಪಿ. ರಸ್ತೆಗೋ ಟೇಪ್ ಹಿಡಿದುಕೊಂಡೇ ಹೋಗಿ, ಡಬ್ಬ ಬಿಚ್ಚಿಸಿ ನೀವೇ ಅಳೆಯಿರಿ.

ಗಾಡಿಯ ಜೊತೆ ಬಂದ ಸ್ಕ್ರೂ ಜಾಕ್ ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಬಾಟಲ್ ಜಾಕ್ ಲಾರಿಗೆ ಚೆನ್ನ. ಕಾರಿನಡಿ ಅದರ ಎತ್ತರ ಹಿಡಿಸುವುದಿಲ್ಲ, ತಳ ಕಿರಿದು, ಗಾಡಿ ಚೂರು ಸರಿದರೆ ವಾಲುತ್ತದೆ.

ಇನ್ನು ನೆಲದ ವಿಷಯ. ಟ್ರಾಲಿ ಜಾಕಿಗೆ ಗಾಲಿ ಕೊಟ್ಟಿರುವುದು ಎಳೆದುಕೊಂಡು ಹೋಗಲಿಕ್ಕಷ್ಟೇ ಅಲ್ಲ. ಜಾಕಿನ ತೋಳು ಮೇಲೇಳುವಾಗ ಬಟ್ಟಲು ನೆಟ್ಟಗೆ ಏರದೆ ಕಮಾನಿನ ಹಾದಿಯಲ್ಲಿ ಹಿಡಿಯ ಕಡೆಗೆ ಸರಿಯುತ್ತ ಏರುತ್ತದೆ. 200ರಿಂದ 330 ಮಿ.ಮೀ. ಏರುವಷ್ಟರಲ್ಲಿ ಎರಡು ಇಂಚಿನಷ್ಟು ಸರಿದಿರುತ್ತದೆ. ಆ ಎರಡು ಇಂಚನ್ನು ತುಂಬಿಕೊಳ್ಳಲು ಜಾಕ್ ತಾನೇ ಉರುಳಿ ಕಾರಿನಡಿಗೆ ಹೋಗಬೇಕು. ಇಂಟರ್‌ಲಾಕ್ ಇಟ್ಟಿಗೆಯ ಸಂದಿಯಲ್ಲೋ ಮಣ್ಣಿನಲ್ಲೋ ಕಬ್ಬಿಣದ ಗಾಲಿ ಸಿಕ್ಕಿಕೊಂಡರೆ ಜಾಕ್ ನಿಂತಲ್ಲೇ ನಿಂತು ಬಟ್ಟಲು ಕಾರಿನ ತಳವನ್ನು ಉಜ್ಜುತ್ತ ಜಾರುತ್ತದೆ. ಗಾಡಿ ಜಾಕಿನಿಂದ ಬಿದ್ದಿತು ಎಂದು ಹೇಳುವ ಎಷ್ಟೋ ಸಂದರ್ಭಗಳ ಹಿಂದೆ ಇರುವುದು ಇದೇ. ನಾನು 18 ಮಿ.ಮೀ. ಪ್ಲೈವುಡ್ಡಿನ ಒಂದೇ ಹಲಗೆ ಹಾಸುತ್ತೇನೆ, ಎರಡು ಅಡಿ ಅಗಲ, ಮೂರು ಅಡಿ ಉದ್ದ. ಎರಡು ತುಂಡು ಜೋಡಿಸಿದರೆ ಗಾಲಿ ಸಂದಿಯಲ್ಲಿ ಕೂರುತ್ತದೆ. ನುಣುಪಾದ ಟೈಲ್ಸ್ ನೆಲದಲ್ಲಿ ಹಲಗೆಯೇ ಜಾರುವುದರಿಂದ ಅದರಡಿ ಹಳೆಯ ರಬ್ಬರ್ ಮ್ಯಾಟ್ ಹಾಕಬೇಕು. ಬಿಸಿಲಿನ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ, ಅಲ್ಲೂ ಪ್ರತಿ ಸ್ಟ್ಯಾಂಡಿನಡಿ ಒಂದೊಂದು ಹಲಗೆ. ಮನೆಯ ಗೇಟಿನ ಇಳಿಜಾರಿನಲ್ಲಿ ಮಾತ್ರ ಯಾವ ಹಲಗೆ ಹಾಸಿಯೂ ಕೆಲಸ ಮಾಡಬೇಡಿ.

ಎಲ್ಲಕ್ಕಿಂತ ತಲೆಕೆಡಿಸುವ ಪ್ರಶ್ನೆ ಒಂದಿದೆ. ಕಂಪನಿ ಪುಸ್ತಕದಲ್ಲಿ ಒಂದು ಮೂಲೆಗೆ ಒಂದೇ ಜಾಗ ತೋರಿಸಿರುತ್ತಾರೆ. ಜಾಕ್ ಅಲ್ಲಿ ಕೂತರೆ ಸ್ಟ್ಯಾಂಡ್ ಎಲ್ಲಿ ಇಡುವುದು? ಬಾಗಿಲಿನಡಿ ಕೈ ಹಾಕಿ ಸವರಿ ನೋಡಿ. ಎರಡು ಮೂರು ತಗಡು ಸೇರಿಸಿ ಬೆಸೆದ ಅಂಚು ಗರಗಸದ ಪಟ್ಟಿಯಂತೆ ಕೆಳಗೆ ಇಳಿದಿರುತ್ತದೆ. ಮುಂದಿನ ಗಾಲಿಯ ಹಿಂದೆ, ಹಿಂದಿನ ಗಾಲಿಯ ಮುಂದೆ, ಆ ಅಂಚಿನಲ್ಲಿ ಎರಡೆರಡು ಕಚ್ಚುಗಳು ಬೆರಳಿಗೆ ಸಿಗುತ್ತವೆ. ಬಲಪಡಿಸಿದ ತಗಡು ಇರುವುದು ಆ ಎರಡು ಕಚ್ಚುಗಳ ನಡುವೆ ಮಾತ್ರ, ಅಂಗೈ ಅಗಲದಷ್ಟು ಜಾಗ. ಅದರಾಚೆ ಭಾರ ಕೊಟ್ಟರೆ ಅಂಚು ಮಡಚಿಕೊಳ್ಳುತ್ತದೆ. ಮಡಚಿದ ಕಡೆ ಬಣ್ಣ ಸೀಳಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಒಳಗಿಂದ ಶುರು. ಜಾಕಿನ ಬಟ್ಟಲೊಂದೇ ಆ ಅಂಗೈ ಜಾಗವನ್ನು ಪೂರ್ತಿ ನುಂಗುತ್ತದೆ.

ನಾನು ಮಾಡುವುದು ಹೀಗೆ: ಮುಂಭಾಗವನ್ನು ನಡುವಿನ ಕ್ರಾಸ್‌ಮೆಂಬರಿನಿಂದ ಎತ್ತಿ, ಎರಡೂ ಸ್ಟ್ಯಾಂಡನ್ನು ಎಡಬಲದ ಕಚ್ಚುಗಳ ನಡುವೆ ಇಡುತ್ತೇನೆ. ಕ್ರಾಸ್‌ಮೆಂಬರಿನಿಂದ ಎತ್ತಬಹುದೇ ಎಂಬುದನ್ನು ಗಾಡಿಯ ಪುಸ್ತಕ ಇಲ್ಲವೇ ಸರ್ವೀಸ್ ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಬೇಕು, ಅಂದಾಜಿನಲ್ಲಿ ಬೇಡ. ಅಲ್ಲೇ ಪಕ್ಕದಲ್ಲಿ ಆಯಿಲ್ ಚೇಂಬರ್, ಗೇರ್‌ಬಾಕ್ಸ್, ರೇಡಿಯೇಟರಿನಡಿಯ ತೆಳು ಪಟ್ಟಿ ಇರುತ್ತವೆ. ಟಾರ್ಚ್ ಹಾಕಿ ಬಟ್ಟಲು ಯಾವುದಕ್ಕೆ ತಾಗುತ್ತಿದೆ ಎಂದು ಕಣ್ಣಾರೆ ನೋಡಬೇಕು. ನಡುವಿನಿಂದ ಎತ್ತಬಾರದ ಗಾಡಿಗೆ ಬೇರೆ ದಾರಿ ಇದೆ. ಜಾಕನ್ನು ಕಚ್ಚುಗಳ ನಡುವೆ ಕೊಟ್ಟು ಎತ್ತಿ, ಸ್ಟ್ಯಾಂಡನ್ನು ಸಬ್‌ಫ್ರೇಮ್ (ಎಂಜಿನ್, ಮುಂದಿನ ಗಾಲಿಯ ತೋಳುಗಳನ್ನು ಹೊರುವ ಉಕ್ಕಿನ ಚೌಕಟ್ಟು) ಬಾಡಿಗೆ ಸೇರುವ ದಪ್ಪ ಬೋಲ್ಟಿನ ಬಳಿ ಇಡುವುದು. ಅಲ್ಲಿ ಭಾರ ನೇರ ಬಾಡಿಯ ಗಟ್ಟಿ ಭಾಗಕ್ಕೆ ಹೋಗುತ್ತದೆ. ಹಿಂಭಾಗದ ಅಡ್ಡ ತೊಲೆಯ ನಡುವಿಗೆ ಜಾಕ್ ಕೊಡುವ ಅಭ್ಯಾಸ ಗ್ಯಾರೇಜುಗಳಲ್ಲಿ ಕಾಣುತ್ತದೆ. ಸಣ್ಣ ಕಾರುಗಳ ಆ ತೊಲೆ ತಿರುಚಿಕೊಳ್ಳಲೆಂದೇ ಮಾಡಿದ್ದು, ಪುಸ್ತಕ ಒಪ್ಪದಿದ್ದರೆ ಮುಟ್ಟಬೇಡಿ. ಅಂಚಿಗೆ ಕೊಡುವಾಗ ಬಟ್ಟಲಿನ ಮೇಲೆ ನಡುವೆ ಸೀಳು ಇರುವ ರಬ್ಬರ್ ಬಿಲ್ಲೆ ಇಟ್ಟರೆ ಅಂಚು ಸೀಳಿನೊಳಗೆ ಕೂತು, ಭಾರ ಅಕ್ಕಪಕ್ಕದ ಚಪ್ಪಟೆ ತಳಕ್ಕೆ ಹಂಚಿಹೋಗುತ್ತದೆ.

ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಕ್ರಿಸ್ಟಾದಂಥ ಬಾಡಿಯಿಂದ ಪ್ರತ್ಯೇಕವಾದ ಚಾಸಿ ಇರುವ ಗಾಡಿಯವರಿಗೆ ಈ ತಲೆನೋವು ಕಡಿಮೆ, ಉಕ್ಕಿನ ಚಾಸಿಯೇ ಸ್ಟ್ಯಾಂಡಿಗೆ ಜಾಗ. ಅವರಿಗೆ ಬೇಕಾದದ್ದು ಎತ್ತರದ ಜಾಕ್, ಎತ್ತರದ ಸ್ಟ್ಯಾಂಡ್. ವಿದ್ಯುತ್ ಕಾರಿನ ತಳದ ನಡುಭಾಗ ಬಹುಪಾಲು ಬ್ಯಾಟರಿಯೇ ಆಗಿರುವುದರಿಂದ ಪುಸ್ತಕ ತೋರಿಸಿದ ಪಕ್ಕದ ಜಾಗ ಬಿಟ್ಟು ಬೇರೆಲ್ಲೂ ಬಟ್ಟಲು ತಾಗಿಸಬಾರದು.

ಸ್ಟ್ಯಾಂಡಿನಲ್ಲಿ ಎರಡು ಬಗೆ. ಹಲ್ಲುಪಟ್ಟಿ ಇದ್ದು ಎಳೆದರೆ ಟಕ್ ಟಕ್ ಎಂದು ಏರುವ ರಾಚೆಟ್. ತೂತಿಗೆ ಪಿನ್ ತೂರಿಸುವ ಸಾದಾ ಬಗೆ. ರಾಚೆಟ್ ಕೆಲಸಕ್ಕೆ ಬಲು ಸುಲಭ, ಆದರೆ ಇಡೀ ಭಾರ ನಿಲ್ಲುವುದು ಹಲ್ಲಿಗೂ ಕೊಕ್ಕೆಗೂ ನಡುವಿನ ಕೆಲವೇ ಮಿಲಿಮೀಟರ್ ಹಿಡಿತದ ಮೇಲೆ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಸಂಸ್ಥೆ 3 ಟನ್, 6 ಟನ್‌ನ ರಾಚೆಟ್ ಸ್ಟ್ಯಾಂಡುಗಳನ್ನು ಗ್ರಾಹಕರಿಂದ ವಾಪಸ್ ಕರೆಸಿಕೊಂಡಿತು. ತಯಾರಿಕೆಯ ಅಚ್ಚು ಸವೆದು ಹಲ್ಲು, ಕೊಕ್ಕೆ ಕೂರುವ ಆಳ ಏರುಪೇರಾಗಿತ್ತು. ಬದಲಿಗೆ ಕೊಟ್ಟ ಕೆಲವದರಲ್ಲಿ ಬೆಸುಗೆಯ ದೋಷ ಸಿಕ್ಕಿ ಅದೇ ವರ್ಷ ಅವನ್ನೂ ವಾಪಸ್ ಪಡೆಯಬೇಕಾಯಿತು. ಇದನ್ನು ಓದಿದ ಮೇಲೆ ನಾನು ದಪ್ಪ ಪಿನ್ನಿನ ಸ್ಟ್ಯಾಂಡನ್ನೇ ಹಿಡಿದೆ. ಎತ್ತರದ ಹಂತಗಳು ದೂರ ದೂರ ಇರುತ್ತವೆ ಎಂಬುದೊಂದೇ ಅದರ ಕೊರತೆ. ಪಿನ್ ಪೂರ್ತಿ ದಾಟಿದೆಯೇ ಎಂದು ಕೂತಲ್ಲಿಂದಲೇ ಕಾಣುತ್ತದೆ, ಅದು ನನಗೆ ದೊಡ್ಡ ಸಮಾಧಾನ. ರಾಚೆಟ್ ಇರುವವರು ಭಾರ ಬಿಟ್ಟ ಮೇಲೆ ಹಿಡಿಯನ್ನು ಕೆಳಕ್ಕೆ ತಟ್ಟಿ, ಕೊಕ್ಕೆ ಹಲ್ಲಿನ ಬುಡ ಮುಟ್ಟಿದೆಯೇ ಎಂದು ನೋಡಿ. ಹೊಸದರಲ್ಲಿ ಬಣ್ಣದ ಪದರವೇ ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೊಕ್ಕೆಯನ್ನು ತಡೆಯುವುದುಂಟು, ಕೆರೆದು ತೆಗೆಯಿರಿ.

ಕೊಳ್ಳುವಾಗ ತಳದ ಅಗಲ ನೋಡಿ, ನಾಲ್ಕು ಕಾಲೂ ನೆಲ ಮುಟ್ಟಿವೆಯೇ ಎಂದು ಅಂಗಡಿಯ ನೆಲದ ಮೇಲೇ ಆಡಿಸಿ ನೋಡಿ, ಬೆಸುಗೆ ಸುತ್ತಲೂ ಇದೆಯೋ ಅಲ್ಲಲ್ಲಿ ಚುಕ್ಕೆ ಹಾಕಿದ್ದಾರೋ ನೋಡಿ. ಬರೆದಿರುವ ಟನ್ ಒಂದಕ್ಕೋ ಜೋಡಿಗೋ ಎಂದು ಕೇಳಿ, ಎರಡು ರೀತಿಯಲ್ಲೂ ಬರೆಯುತ್ತಾರೆ. ಸ್ಟ್ಯಾಂಡಿಗೆ ದುಡ್ಡಿಲ್ಲವೆಂದು ಇಟ್ಟಿಗೆ, ಹಾಲೋ ಬ್ಲಾಕ್ ಪೇರಿಸುವುದು ದಯವಿಟ್ಟು ಬೇಡ. ಸಿಮೆಂಟ್ ಬ್ಲಾಕ್ ಬಾಗಿ ಸೂಚನೆ ಕೊಡುವುದಿಲ್ಲ, ಒಂದೇ ಕ್ಷಣದಲ್ಲಿ ಪುಡಿಯಾಗುತ್ತದೆ. ಅದರ ಬದಲು ನಾಲ್ಕು ಇಂಚು ಚೌಕದ ಗಟ್ಟಿ ಮರದ ತುಂಡುಗಳನ್ನು ಒಂದೂವರೆ ಅಡಿಗೆ ಕೊಯ್ಯಿಸಿ, ಒಂದು ಸಾಲು ಉದ್ದ ಒಂದು ಸಾಲು ಅಡ್ಡ ಇಟ್ಟರೆ ಭದ್ರವಾಗಿ ನಿಲ್ಲುತ್ತದೆ.

ಎತ್ತುವ ಕ್ರಮ ಹೇಳುತ್ತೇನೆ. ಗಾಲಿ ನೆಲದಲ್ಲಿರುವಾಗಲೇ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಬೇಕು. ಗಾಡಿ ಗಾಳಿಯಲ್ಲಿದ್ದಾಗ ಪಾನಾ ತುಳಿದರೆ ಇಡೀ ಗಾಡಿ ಅಲುಗುತ್ತದೆ. ಎತ್ತದ ತುದಿಯ ಎರಡೂ ಗಾಲಿಗೆ ಹಿಂದೆ ಮುಂದೆ ಅಡೆ ಕೊಡಬೇಕು. ಹಿಂಭಾಗ ಎತ್ತುವಾಗ ಇದು ಇನ್ನೂ ಮುಖ್ಯ: ಬಹುತೇಕ ಕಾರುಗಳ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಯನ್ನು, ಅದೇ ಗಾಳಿಗೆ ಎದ್ದರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ. ಗಾಡಿಯನ್ನು ಗೇರಿನಲ್ಲಿ ಬಿಡಿ. ಬಟ್ಟಲು ತಾಗಿದ ಮೇಲೆ ನಾಲ್ಕು ಪಂಪ್ ಹೊಡೆದು ನಿಲ್ಲಿಸಿ, ಕೂತು ನೋಡಿ, ಸರಿಯಿದ್ದರೆ ಮುಂದುವರಿಸಿ. ಸ್ಟ್ಯಾಂಡ್ ಇಟ್ಟು ಜಾಕಿನ ವಾಲ್ವನ್ನು ಎಳೆ ಎಳೆಯಾಗಿ ಬಿಚ್ಚಿ ಭಾರ ಇಳಿಸಿ. ಆಮೇಲೆ ಮಡ್‌ಗಾರ್ಡಿಗೆ ಸೊಂಟ ಕೊಟ್ಟು ಜೋರಾಗಿಯೇ ತಳ್ಳಿ. ಸ್ಟ್ಯಾಂಡ್ ಕಿರುಗುಟ್ಟಿದರೆ, ಕಾಲು ಎದ್ದರೆ, ಮತ್ತೆ ಎತ್ತಿ ಸರಿಮಾಡಿ. ಬೀಳುವುದಾದರೆ ಈಗಲೇ ಬೀಳಲಿ, ನೀವು ಕೆಳಗೆ ಹೋದ ಮೇಲೆ ಬೇಡ. ಜಾಕನ್ನು ಹೊರಗೆಳೆಯದೆ ಸ್ವಲ್ಪ ತಾಗುವಂತೆ ಬಿಡುತ್ತೇನೆ, ಬಿಚ್ಚಿದ ಗಾಲಿಯನ್ನು ಬಾಗಿಲಿನಡಿ ಮಲಗಿಸುತ್ತೇನೆ.

ನಾಲ್ಕೂ ಗಾಲಿ ಒಟ್ಟಿಗೆ ಎತ್ತುವುದನ್ನು ಮನೆಯಲ್ಲಿ ನಾನು ಮಾಡುವುದಿಲ್ಲ. ಮುಂಭಾಗ ಸ್ಟ್ಯಾಂಡಿನ ಮೇಲಿದ್ದಾಗ ಹಿಂಭಾಗ ಎತ್ತಿದರೆ ಗಾಡಿಯ ಕೋನ ಬದಲಾಗಿ ಮುಂದಿನ ಸ್ಟ್ಯಾಂಡುಗಳು ಓರೆಯಾಗಲು ನೋಡುತ್ತವೆ.

ಹೊಸ ಜಾಕ್ ತಂದ ದಿನವೇ ಒಂದು ಪರೀಕ್ಷೆ ಮಾಡಿ. ಮೊದಲು ವಾಲ್ವ್ ಬಿಚ್ಚಿ ಹಿಡಿಯನ್ನು ಹತ್ತು ಹದಿನೈದು ಸಲ ಪಂಪ್ ಮಾಡಿ, ಸಾಗಾಟದಲ್ಲಿ ಸೇರಿಕೊಂಡ ಗಾಳಿ ಟ್ಯಾಂಕಿಗೆ ಹೋಗುತ್ತದೆ. ಆಮೇಲೆ ವಾಲ್ವ್ ಮುಚ್ಚಿ ಗಾಡಿಯ ಮುಂಭಾಗ ಎತ್ತಿ, ಪಕ್ಕದಲ್ಲಿ ಸ್ಟ್ಯಾಂಡುಗಳನ್ನು ತಾಗದಂತೆ ಇಟ್ಟು, ಎತ್ತರ ಅಳೆದು ಅರ್ಧ ಗಂಟೆ ಬಿಡಿ. ಒಂದೆರಡು ಮಿ.ಮೀ. ಇಳಿಯುವುದು ಸಹಜ. ಸೆಂಟಿಮೀಟರ್ ಲೆಕ್ಕದಲ್ಲಿ ಇಳಿದರೆ ವಾಲ್ವಿನ ಗೋಲಿಯ ಕೆಳಗೆ ಕಸ ಕೂತಿದೆ ಇಲ್ಲವೇ ಸೀಲ್ ಹಾಳಾಗಿದೆ. ಬಿಲ್ ಕೈಯಲ್ಲಿರುವಾಗಲೇ ಹಿಂತಿರುಗಿಸಿ.

ಎಣ್ಣೆ ಕಡಿಮೆಯಾದರೆ ಜಾಕ್ ಪೂರ್ತಿ ಎತ್ತರಕ್ಕೆ ಏರದು. ತೋಳನ್ನು ಪೂರ್ತಿ ಇಳಿಸಿ, ರಬ್ಬರ್ ಬಿರಡೆ ತೆಗೆದು, ಹೈಡ್ರಾಲಿಕ್ ಜಾಕ್ ಎಣ್ಣೆಯನ್ನೇ ತೂತಿನ ಅಂಚಿನವರೆಗೆ ತುಂಬಿ. ಬ್ರೇಕ್ ಎಣ್ಣೆ ಹಾಕಿದರೆ ಒಳಗಿನ ಸೀಲುಗಳು ಉಬ್ಬಿ ಜಾಕ್ ಕೆಡುತ್ತದೆ. ಇಡುವಾಗ ತೋಳು ಇಳಿದಿರಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ, ತೋಳನ್ನು ಮೇಲೆತ್ತುವ, ಹೊರಚಾಚಿದ ದಂಡದ ಮೇಲೆ ಸಣ್ಣ ತುಕ್ಕಿನ ಗುಳಿ ಬಿದ್ದರೂ ಮುಂದಿನ ಸಲ ಇಳಿಯುವಾಗ ಅದು ಸೀಲನ್ನು ಕೊರೆಯುತ್ತದೆ. ನಾನು ಪ್ರತಿ ಜೂನ್ ಬರುವ ಮೊದಲು ದಂಡ ಒರೆಸಿ, ಕೀಲುಗಳಿಗೆ ಗ್ರೀಸ್ ಸವರಿ, ಸ್ಟ್ಯಾಂಡಿನ ಬೆಸುಗೆಗಳ ಮೇಲೆ ಟಾರ್ಚ್ ಬಿಟ್ಟು ಬಿರುಕು ಹುಡುಕಿ ಆಮೇಲೆ ಮುಚ್ಚಿಡುತ್ತೇನೆ.