ಕ್ಲಚ್ ಪ್ಲೇಟ್ ಸವೆದಿರಲಿಲ್ಲ, ನೆನೆದಿತ್ತು

ಗಾಡಿ ತಗೊಂಡು 14 ತಿಂಗಳಾಗಿತ್ತು. ಓಡಿದ್ದು 16,200 ಕಿಲೋಮೀಟರ್. ದಿನಾ ಬನಶಂಕರಿಯಿಂದ ಮಾರತಹಳ್ಳಿಗೆ ಹೋಗಿಬರುವ ಸಣ್ಣ ಪೆಟ್ರೋಲ್ ಕಾರು. ಒಂದು ಬೆಳಿಗ್ಗೆ ರಾಗಿಗುಡ್ಡದ ಹತ್ತಿರ ಡಬಲ್ ಡೆಕ್ಕರ್ ಫ್ಲೈಓವರ್ ಹತ್ತುತ್ತಿದ್ದೆ. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಕಿರುಚುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಜೊತೆಗೆ ಸುಟ್ಟ ವಾಸನೆ. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್.

ಹೇಗೋ ಮನೆಗೆ ತಂದು, ಸೋದರಮಾವನಿಗೆ ಫೋನ್ ಮಾಡಿದೆ. ಜೆ.ಸಿ. ರೋಡಿನಲ್ಲಿ ಬಿಡಿಭಾಗಗಳ ಅಂಗಡಿಯಲ್ಲೇ ಅವರ ಜೀವನ ಕಳೆದಿದೆ. "ಸಮ ಜಾಗದಲ್ಲಿ ನಿಲ್ಲಿಸು, ಮುಂದೆ ಯಾರೂ ಇರಬಾರದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳಿ. ಮೂರನೇ ಗೇರ್ ಹಾಕಿ ನಿಧಾನಕ್ಕೆ ಕ್ಲಚ್ ಬಿಡು. ಎಂಜಿನ್ ಆಫ್ ಆದರೆ ಕ್ಲಚ್ ಹಿಡೀತಿದೆ ಅಂತ. ಆಗದಿದ್ದರೆ ಜಾರ್ತಿದೆ ಕಣಮ್ಮಾ" ಅಂದರು. ಎಂಜಿನ್ ಆಫ್ ಆಗಲಿಲ್ಲ. ಇದನ್ನು ಒಂದೇ ಸಲ ಮಾಡಿ ನೋಡಿ, ಮತ್ತೆ ಮತ್ತೆ ಮಾಡಿದರೆ ಪ್ಲೇಟ್ ಇನ್ನೂ ಸುಡುತ್ತದೆ.

ಸರ್ವಿಸ್ ಸೆಂಟರ್‌ನವರು ಒಂದು ರೌಂಡ್ ಓಡಿಸಿ ನೋಡಿದರು. ಹತ್ತು ನಿಮಿಷದಲ್ಲಿ ಎಸ್ಟಿಮೇಟ್ ಕೈಗೆ ಬಂತು: 18,400 ರೂಪಾಯಿ. "ಕ್ಲಚ್ ವೇರ್ ಅಂಡ್ ಟೇರ್ ಐಟಂ ಮೇಡಂ, ವಾರಂಟಿಗೆ ಬರಲ್ಲ. ಬೆಂಗಳೂರು ಟ್ರಾಫಿಕ್‌ನಲ್ಲಿ ಎಲ್ಲರದೂ ಹೀಗೇ" ಅಂದರು ಅಡ್ವೈಸರ್. ನನಗೂ ಒಂದು ಕ್ಷಣ ಹೌದೇನೋ ಅನ್ನಿಸಿತು. ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ ಎಡಗಾಲು ಎಷ್ಟು ಸಲ ಕ್ಲಚ್ ಮೇಲೆ ಹೋಗಿಬರುತ್ತದೆ ಅಂತ ಗೊತ್ತಲ್ವಾ. ಆದರೂ ಸಹಿ ಹಾಕದೆ ಮನೆಗೆ ಬಂದೆ.

ಆ ರಾತ್ರಿ ಕೂತು ವಾರಂಟಿ ಪುಸ್ತಕ ಪೂರ್ತಿ ಓದಿದೆ. ಹೊರಗಿಟ್ಟ ಭಾಗಗಳ ಪಟ್ಟಿಯಲ್ಲಿ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ರಬ್ಬರ್, ಫಿಲ್ಟರ್, ಬಲ್ಬ್ ಎಲ್ಲ ಇದ್ದವು. ಆದರೆ ಅಲ್ಲಿದ್ದ ಮಾತು "ಸಹಜ ಸವೆತ". ಎಣ್ಣೆ ಹೊರಗೆ ಸೋರದಂತೆ ತಡೆಯುವ ಆಯಿಲ್ ಸೀಲ್ ಆ ಪಟ್ಟಿಯಲ್ಲಿ ಇರಲಿಲ್ಲ. ತಯಾರಿಕೆಯ ದೋಷ ಇದ್ದರೆ ಕಂಪನಿಯೇ ಸರಿಮಾಡಿಕೊಡಬೇಕು ಅನ್ನೋದು ಅದರ ಹಿಂದಿನ ಪುಟದಲ್ಲೇ ಇತ್ತು. ಅಂದ ಮೇಲೆ ಪ್ಲೇಟ್ ಹೋಗಿದೆ ಅಂದರೆ ಸಾಲದು, ಯಾಕೆ ಹೋಯಿತು ಅಂತ ನೋಡಬೇಕು. ಗೇರ್‌ಬಾಕ್ಸ್ ಇಳಿಸದೆ ಅದನ್ನು ಯಾರೂ ಹೇಳಲಾರರು. ನನ್ನ ಗಾಡಿಯದ್ದು ಇಳಿಸಿಯೇ ಇರಲಿಲ್ಲ.

ಮಾರನೇ ದಿನ ಹೋಗಿ ಜಾಬ್ ಕಾರ್ಡಿನ ಮೇಲೆ ನನ್ನ ಕೈಯಲ್ಲೇ ಬರೆದೆ: "ನನ್ನ ಎದುರಿಗೆ ಬಿಚ್ಚಬೇಕು. ಬಿಚ್ಚಿದ ಭಾಗ ನನಗೆ ತೋರಿಸದೆ ಹೊಸದು ಹಾಕಬಾರದು." ಬಿಚ್ಚುವ ಕೂಲಿ 3,000 ಅಂದರು. ದೋಷ ಸಿಗದಿದ್ದರೆ ಕೊಡುತ್ತೇನೆ ಅಂತ ಒಪ್ಪಿದೆ. ಅದು ನ್ಯಾಯವೇ.

ಏನು ನೋಡಬೇಕು ಅಂತ ಮಾವ ಮೊದಲೇ ಹೇಳಿಕೊಟ್ಟಿದ್ದರು. ಪ್ಲೇಟಿನ ಎರಡೂ ಕಡೆ ಉಜ್ಜುವ ಪದರ ಇರುತ್ತದೆ, ಅದನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಓಡಿ ಓಡಿ ಸವೆದಿದ್ದರೆ ರಿವೆಟ್ ತಲೆ ಹೆಚ್ಚುಕಡಿಮೆ ಮೇಲಕ್ಕೇ ಬಂದಿರುತ್ತದೆ. ಅರ್ಧ ಕ್ಲಚ್‌ನಲ್ಲಿ ಓಡಿಸುವ ಅಭ್ಯಾಸದಿಂದ ಹಾಳಾಗಿದ್ದರೆ, ಪ್ಲೇಟನ್ನು ಎರಡೂ ಕಡೆಯಿಂದ ಒತ್ತಿಹಿಡಿಯುವ ಫ್ಲೈವೀಲ್ ಮೇಲೆ, ಪ್ರೆಶರ್ ಪ್ಲೇಟ್ ಮೇಲೆ ಕಾದು ನೀಲಿಗಟ್ಟಿದ ಕಲೆಗಳು ಕಾಣುತ್ತವೆ. "ನೀಲಿ ಕಲೆ ಕಂಡರೆ ವಾದ ಮಾಡಬೇಡ, ದುಡ್ಡು ಕೊಟ್ಟು ಬಾ" ಅಂದಿದ್ದರು.

ಗೇರ್‌ಬಾಕ್ಸ್ ಇಳಿಯಿತು. ಪ್ಲೇಟನ್ನು ಬೆಂಚಿನ ಮೇಲಿಟ್ಟು ಟಾರ್ಚ್ ಹಾಕಿದೆವು. ರಿವೆಟ್‌ಗಳು ಒಳಗೇ ಇದ್ದವು, ಪದರ ಸಾಕಷ್ಟು ದಪ್ಪವಿತ್ತು. ನೀಲಿ ಕಲೆ ಎಲ್ಲೂ ಇರಲಿಲ್ಲ. ಆದರೆ ಪ್ಲೇಟಿನ ಅರ್ಧ ಭಾಗ ಕಪ್ಪಗೆ, ಎಣ್ಣೆ ಹಚ್ಚಿದ ಕಾವಲಿ ಹಾಗೆ ಮಿರುಗುತ್ತಿತ್ತು. ಕ್ಲಚ್ ಕೂರುವ ಗೂಡು, ಅಂದರೆ ಬೆಲ್ ಹೌಸಿಂಗ್‌ನ ತಳದಲ್ಲಿ ಧೂಳು ಎಣ್ಣೆಯೊಂದಿಗೆ ಸೇರಿ ಗಸಿಯಾಗಿ ಕೂತಿತ್ತು. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಬೆರಳಲ್ಲಿ ಒಂದು ಚೂರು ತೆಗೆದು ಮೂಸಿ ನೋಡಿದರು. "ಎಂಜಿನ್ ಆಯಿಲ್ ಅಲ್ಲ ಮೇಡಂ, ಗೇರ್ ಆಯಿಲ್" ಅಂದರು. ನಾನೂ ಮೂಸಿದೆ. ಗೇರ್ ಆಯಿಲ್‌ಗೆ ಮೂಗಿಗೆ ಚುಚ್ಚುವ ಗಂಧಕದ ವಾಸನೆ ಇರುತ್ತದೆ. ಒಮ್ಮೆ ಮೂಸಿದರೆ ಮರೆಯಲ್ಲ. ಕ್ಲಚ್‌ನಿಂದ ಗೇರ್‌ಬಾಕ್ಸ್ ಒಳಗೆ ಹೋಗುವ ಇನ್‌ಪುಟ್ ಶಾಫ್ಟ್‌ನ ಸೀಲ್ ಸೋರಿ, ಪ್ಲೇಟ್ ನೆನೆದು ಜಾರುತ್ತಿತ್ತು. ಆ ಮೆಕ್ಯಾನಿಕ್ ನಿಜ ಹೇಳಿದ್ದಕ್ಕೆ ಇವತ್ತಿಗೂ ಅವರ ಮೇಲೆ ಗೌರವ ಇದೆ. ಅವರು ಸುಮ್ನೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಅಲ್ಲೇ ನಿಂತು ಫೋಟೋ ತೆಗೆದೆ: ರಿವೆಟ್ ಹತ್ತಿರದಿಂದ, ಎಣ್ಣೆಯ ಕಲೆ, ಸೀಲ್, ಮೀಟರ್ ರೀಡಿಂಗ್. ವಾರಂಟಿಯಲ್ಲಿ ಬದಲಿಸಿದ ಹಳೇ ಭಾಗವನ್ನು ಕಂಪನಿಗೆ ಕಳಿಸಿಬಿಡುತ್ತಾರೆ, ಆಮೇಲೆ ನಮ್ಮ ಕೈಗೆ ಸಿಗಲ್ಲ.

ಆದರೂ ಅಡ್ವೈಸರ್ ಒಪ್ಪಿದ್ದು ಸೀಲ್‌ಗೆ ಮಾತ್ರ. ಪ್ಲೇಟ್, ಕೂಲಿ ನಿಮ್ಮದೇ ಅಂದರು. ಸೋರಿದ್ದು ನಿಮ್ಮ ಸೀಲ್, ನೆನೆದಿದ್ದು ನನ್ನ ಪ್ಲೇಟ್, ಇದು ಯಾವ ಲೆಕ್ಕ? ಸಿಟ್ಟು ಬಂತು, ಆದರೆ ಕೂಗಾಡಲಿಲ್ಲ. "ಆಗಲ್ಲ ಅನ್ನೋದನ್ನ ಕಾರಣದ ಜೊತೆ ಬರೆದುಕೊಡಿ" ಅಂತ ಕೇಳಿದೆ. ಬರೆದುಕೊಡಲು ಯಾರೂ ಮುಂದೆ ಬರಲಿಲ್ಲ. ಸಂಜೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಮೇಲ್ ಹಾಕಿದೆ. ಫೋಟೋಗಳು, ವಾರಂಟಿ ಪುಸ್ತಕದ ಆ ಎರಡು ಪುಟ, ಇದುವರೆಗೆ ಮಾಡಿಸಿದ ಎಲ್ಲ ಸರ್ವಿಸ್‌ಗಳ ಬಿಲ್ಲು. ಸರ್ವಿಸ್ ಒಂದು ತಪ್ಪಿದ್ದರೂ ಮೊದಲು ಅದನ್ನೇ ಹಿಡಿದುಕೊಳ್ಳುತ್ತಿದ್ದರು. ಏಳು ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂತಲೂ ಬರೆದೆ. ಅದು ಬರೀ ಬೆದರಿಕೆ ಆಗಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು.

ಐದನೇ ದಿನ ಫೋನ್ ಬಂತು. ಸೀಲ್, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಕೂಲಿ ಎಲ್ಲ ವಾರಂಟಿಯಲ್ಲೇ ಅಂದರು. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಚೆನ್ನಾಗಿತ್ತು, ಹಾಗಾಗಿ ಅದು ವಾರಂಟಿಗೆ ಬರಲಿಲ್ಲ. ಆದರೂ ನನ್ನ ದುಡ್ಡಿನಲ್ಲೇ ಹೊಸದು ಹಾಕಿಸಿದೆ. ಮುಂದೆ ಅದೊಂದಕ್ಕೋಸ್ಕರ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾದರೆ ಕೂಲಿಯೇ ಜಾಸ್ತಿ.

ಗಾಡಿ ಮನೆಗೆ ಬಂದ ಮೇಲೆ ಒಂದು ವಾರ, ರಾತ್ರಿ ನಿಲ್ಲಿಸಿದಾಗಲೆಲ್ಲ ಗೇರ್‌ಬಾಕ್ಸ್ ಕೆಳಗೆ ಹಳೇ ಪೇಪರ್ ಹಾಸುತ್ತಿದ್ದೆ. ಬೆಳಿಗ್ಗೆ ಎದ್ದು ಬಗ್ಗಿ ನೋಡಿದರೆ ಒಂದು ಹನಿಯೂ ಇರುತ್ತಿರಲಿಲ್ಲ.