ಲೇಖಕರ ನಿಲುವು ಎಲ್ಲಿದೆ? ವಾದಪ್ರಧಾನ ಗದ್ಯಭಾಗ ಓದಿಸಿದ ನನ್ನ ಅನುಭವ

ಪದವಿ ತರಗತಿಗಳಲ್ಲಿಯೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವವರ ನಡುವೆಯೂ ಗದ್ಯಭಾಗಗಳನ್ನು ಓದಿಸುವಾಗ, 'ಲೇಖಕರ ಮುಖ್ಯ ನಿಲುವು ಯಾವುದು?' ಎಂದು ಕೇಳಿದರೆ ಹೆಚ್ಚಿನವರು ಮೊದಲ ವಾಕ್ಯವನ್ನೋ ಕೊನೆಯ ವಾಕ್ಯವನ್ನೋ ಎತ್ತಿ ಬರೆಯುತ್ತಾರೆ. ಸಂಪಾದಕೀಯಗಳಲ್ಲಿ ಈ ಉಪಾಯ ಎಷ್ಟೋ ಸಲ ಫಲಿಸುವುದರಿಂದ ಅದನ್ನು ಬಿಡಿಸುವುದು ಸುಲಭವಲ್ಲ. ಆದ್ದರಿಂದ ಅದು ಫಲಿಸದ ಪಠ್ಯವೊಂದನ್ನು ಆರಿಸಿಕೊಂಡೆ: ಡಾ. ಬಿ. ಆರ್. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದ ಕನ್ನಡ ಅನುವಾದ.

ಆ ಭಾಷಣ ಲೆಕ್ಕಪತ್ರದಂತೆ ಆರಂಭವಾಗುತ್ತದೆ. ಸಭೆಯ 11 ಅಧಿವೇಶನಗಳು, ಮಂಡನೆಗೆ ಬಂದ ಸುಮಾರು 7,635 ತಿದ್ದುಪಡಿ ಸೂಚನೆಗಳು, ಅವುಗಳಲ್ಲಿ ನಿಜವಾಗಿ ಮಂಡಿತವಾದ 2,473, ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳು ತಮ್ಮ ಸಂವಿಧಾನಗಳಿಗೆ ತೆಗೆದುಕೊಂಡ ಕಾಲ ಎಲ್ಲವೂ ಅಲ್ಲಿವೆ. ಇಷ್ಟು ಅಂಕಿಗಳನ್ನು ಕಂಡ ವಿದ್ಯಾರ್ಥಿಗಳು 'ಸಂವಿಧಾನ ರಚನೆ ತಡವಾಗಲಿಲ್ಲ ಎಂಬುದೇ ಭಾಷಣದ ನಿಲುವು' ಎಂದು ಬರೆಯುತ್ತಾರೆ. ಈ ಮಾತು ಯಾರಿಗೆ ಕೊಟ್ಟ ಉತ್ತರ ಎಂದು ಆಗ ಕೇಳುತ್ತೇನೆ. ಸಭೆ ಕಾಲಹರಣ ಮಾಡಿತು ಎಂಬ ಟೀಕೆಗೆ ಕೊಟ್ಟ ಉತ್ತರ ಅದು ಎಂದು ಹೊಳೆದೊಡನೆ ಆ ಭಾಗವೆಲ್ಲ ಮುಖ್ಯ ವಾದಕ್ಕೆ ದಾರಿ ತೆರವು ಮಾಡುವ ಕೆಲಸವೆಂದು ಅವರಿಗೇ ತಿಳಿಯುತ್ತದೆ. ಎದುರಾಳಿಯ ಮಾತನ್ನು ಮೊದಲು ಹೇಳಿ ಅನಂತರ ತನ್ನದನ್ನು ಸ್ಥಾಪಿಸುವ ಪೂರ್ವಪಕ್ಷ-ಸಿದ್ಧಾಂತ ಕ್ರಮ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಹಳೆಯದು. ಹಾಗಾಗಿ ಪೂರ್ವಪಕ್ಷದ ವಾಕ್ಯಗಳ ಪಕ್ಕದಲ್ಲಿ ಪೆನ್ಸಿಲಿನಿಂದ 'ಪೂ' ಎಂದು ಗುರುತು ಹಾಕಿಸುತ್ತೇನೆ.

ಈ ಗುರುತು ಕನ್ನಡದಲ್ಲಿ ವಿಶೇಷವಾಗಿ ಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಒಂದು ಅಭಿಪ್ರಾಯ ಪೂರ್ತಿಯಾಗಿ ಹರಡಿಕೊಂಡ ಮೇಲಷ್ಟೇ 'ಎಂದು ಕೆಲವರು ವಾದಿಸುತ್ತಾರೆ' ಎಂಬ ಪದಗಳು ಕಾಣಿಸುತ್ತವೆ. ಅವಸರದಲ್ಲಿ ಓದುವವರು ಅಷ್ಟರಲ್ಲಿ ಆ ಅಭಿಪ್ರಾಯವನ್ನು ಲೇಖಕರದೆಂದೇ ಸ್ವೀಕರಿಸಿಬಿಟ್ಟಿರುತ್ತಾರೆ. ಉದ್ದದ ವಾಕ್ಯಗಳಲ್ಲಿ ಕೊನೆಯ ಎರಡು ಮೂರು ಪದಗಳನ್ನು ಮೊದಲು ನೋಡಿ, ಆಮೇಲೆ ವಾಕ್ಯಾರಂಭಕ್ಕೆ ಬನ್ನಿ ಎಂದು ಹೇಳಿಕೊಟ್ಟದ್ದು ನಾನು ಕಂಡಂತೆ ಉಳಿದೆಲ್ಲ ಸೂಚನೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ನಿಜವಾದ ಕಷ್ಟ ಭಾಷಣದ ಉತ್ತರಾರ್ಧದಲ್ಲಿದೆ. ಪ್ರಜಾಪ್ರಭುತ್ವವನ್ನು ಹೆಸರಿಗೆ ಮಾತ್ರವಲ್ಲದೆ ವಾಸ್ತವದಲ್ಲಿಯೂ ಉಳಿಸಿಕೊಳ್ಳಲು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಅಂಬೇಡ್ಕರ್ ತಾವೇ ಎತ್ತಿ, ಎಚ್ಚರಿಕೆಗಳ ರೂಪದಲ್ಲಿ ಮೂರು ಉತ್ತರಗಳನ್ನು ಕೊಡುತ್ತಾರೆ: ಸಂವಿಧಾನಬದ್ಧ ಮಾರ್ಗಗಳನ್ನೇ ಹಿಡಿಯಬೇಕು, ವ್ಯಕ್ತಿಪೂಜೆಗೆ ಒಳಗಾಗಬಾರದು, ಬರಿಯ ರಾಜಕೀಯ ಪ್ರಜಾಪ್ರಭುತ್ವಕ್ಕೆ ತೃಪ್ತರಾಗದೆ ಅದನ್ನು ಸಾಮಾಜಿಕ ಪ್ರಜಾಪ್ರಭುತ್ವವಾಗಿಸಬೇಕು. ಪ್ರಶ್ನೆ ಒಂದು ಕಡೆ, ಉತ್ತರಗಳು ಮೂರು ಕಡೆ ಇರುವುದರಿಂದ ಅಡಿಗೆರೆ ಎಳೆದು ತೋರಿಸಬಹುದಾದ ಒಂದೇ ವಾಕ್ಯ ಇಲ್ಲಿ ಸಿಗುವುದಿಲ್ಲ. ಪ್ರಶ್ನೆಯನ್ನೂ ಉತ್ತರಗಳನ್ನೂ ಜೋಡಿಸಿ ನಿಲುವನ್ನು ವಿದ್ಯಾರ್ಥಿಯೇ ತನ್ನ ಮಾತಿನಲ್ಲಿ ಬರೆಯಬೇಕಾಗುತ್ತದೆ. ಇದಕ್ಕೆ ಒಂದು ಇಡೀ ತರಗತಿಯ ಅವಧಿಯನ್ನು ಕೊಡುತ್ತೇನೆ. 'ಪ್ರಜಾಪ್ರಭುತ್ವದ ಬಗ್ಗೆ ಹೇಳಿದ್ದಾರೆ' ಎಂದು ಬರೆದವರಿಗೆ ಅದು ವಿಷಯವಾಯಿತೇ ಹೊರತು ನಿಲುವಾಗಲಿಲ್ಲ ಎಂದು ಹಾಳೆ ಹಿಂದಿರುಗಿಸುತ್ತೇನೆ. ಯಾರಾದರೂ ಒಪ್ಪದಿರಲು ಸಾಧ್ಯವಿರುವ ವಾಕ್ಯವೇ ನಿಲುವು ಎಂಬ ಅಳತೆಗೋಲು ಆಗ ಕೈಗೆ ಬರುತ್ತದೆ.

ಸಮರ್ಥನೆಗಳನ್ನು ಗುರುತಿಸಲು ಮೂರನೆಯ ಎಚ್ಚರಿಕೆಯನ್ನು ಬಳಸುತ್ತೇನೆ. ಸಾಮಾಜಿಕ ಪ್ರಜಾಪ್ರಭುತ್ವ ಏಕೆ ಬೇಕು ಎಂದು ಕೇಳಿದರೆ, ಸಮಾನತೆಯಿಲ್ಲದ ಸ್ವಾತಂತ್ರ್ಯ ಹಲವರ ಮೇಲೆ ಕೆಲವರ ಮೇಲುಗೈಗೆ ಎಡೆಮಾಡುತ್ತದೆ, ಸ್ವಾತಂತ್ರ್ಯವಿಲ್ಲದ ಸಮಾನತೆ ವ್ಯಕ್ತಿಯ ಉಪಕ್ರಮವನ್ನೇ ಕೊಲ್ಲುತ್ತದೆ, ಬಂಧುತ್ವವಿಲ್ಲದೆ ಎರಡೂ ಸಹಜವಾಗಿ ನೆಲೆಗೊಳ್ಳುವುದಿಲ್ಲ ಎಂಬ ಉತ್ತರ ಭಾಷಣದಲ್ಲಿಯೇ ಇದೆ. ಇವು ಕಾರಣಗಳು. 1950ರ ಜನವರಿ 26ರಂದು ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸಕ್ಕೆ ಕಾಲಿಡುತ್ತೇವೆ ಎಂಬ ಮಾತು ಆ ಕಾರಣಗಳನ್ನು ಅಂದಿನ ಭಾರತದ ಸ್ಥಿತಿಗೆ ಅನ್ವಯಿಸುತ್ತದೆ. ಯಾವುದಾದರೂ ವಾಕ್ಯ ಕಾರಣವೋ ಬರಿಯ ವಿವರಣೆಯೋ ಎಂಬ ಅನುಮಾನ ಬಂದರೆ, ಅದನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ಓದಿಸುತ್ತೇನೆ. ನಿಲುವು ಆಸರೆ ಕಳೆದುಕೊಂಡರೆ ಅದು ಕಾರಣ, ಬಣ್ಣ ಮಾತ್ರ ಮಸುಕಾದರೆ ವಿವರಣೆ. ಗಡಿಯಲ್ಲಿ ನಿಲ್ಲುವ ವಾಕ್ಯಗಳು ಇದ್ದೇ ಇರುತ್ತವೆ, ಅವುಗಳಿಗೆ ಎರಡೂ ಉತ್ತರಗಳನ್ನು ಒಪ್ಪುತ್ತೇನೆ.

ಒಪ್ಪಿಕೊಟ್ಟು ಮುಂದುವರಿಯುವ ವಾಕ್ಯಗಳ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿಯಾದರೋ ಅದು ಅವನತಿಗೂ ಸರ್ವಾಧಿಕಾರಕ್ಕೂ ಒಯ್ಯುತ್ತದೆ ಎನ್ನುತ್ತದೆ ಎರಡನೆಯ ಎಚ್ಚರಿಕೆ. ಇದರ ಮೊದಲ ಅರ್ಧವನ್ನು ಸಮರ್ಥನೆಯೆಂದು ಬರೆದರೆ ಅಂಕ ಕೊಡುವುದಿಲ್ಲ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಇಂಥ ಅರ್ಧ ವಾಕ್ಯವೇ ಒಂದು ಆಯ್ಕೆಯಾಗಿ ಬಂದಿರುತ್ತದೆ. ಗದ್ಯಭಾಗದ ಪದಗಳೇ ಅದರಲ್ಲಿರುವುದರಿಂದ ಕಣ್ಣಿಗೆ ಸರಿಯೆಂದೇ ಕಾಣುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಸತ್ಯಾಗ್ರಹವನ್ನೂ ಕೈಬಿಡಬೇಕು ಎಂಬ ಮೊದಲನೆಯ ಎಚ್ಚರಿಕೆಯ ಮಾತಿಗೆ ತರಗತಿಯಲ್ಲಿ ತಕರಾರು ಏಳುತ್ತದೆ, ಒಪ್ಪದವರು ತಮಗರಿವಿಲ್ಲದೆ ಅದನ್ನು ಮೃದುಗೊಳಿಸಿ ಬರೆಯುತ್ತಾರೆ. ಹಾಗಾಗಿ ಭಾಷಣಕಾರರು ಒಪ್ಪುವಂತೆ ಅವರ ವಾದವನ್ನು ಬರೆದುಕೊಟ್ಟವರಿಗೆ ಮಾತ್ರ ತಮ್ಮ ಆಕ್ಷೇಪ ಬರೆಯಲು ಎರಡನೆಯ ಹಾಳೆ ಕೊಡುತ್ತೇನೆ.